ಹನ್ನೊಂದು ತಿಂಗಳು, ಐದು ರಕ್ತ ಪರೀಕ್ಷೆ, ಒಂದು ಹಿಮ್ಮಡಿ ನೋವು

ಕಳೆದ ವಾರ ಡಾಕ್ಟರು ನನ್ನ ರಿಪೋರ್ಟ್ ನೋಡಿ, "ಇನ್ನು ಒಂದು ವರ್ಷ ನನ್ನ ಮುಖ ನೋಡಬೇಡಿ" ಅಂದರು. ಇಷ್ಟು ಒಳ್ಳೆಯ ಮಾತನ್ನು ಯಾರ ಬಾಯಲ್ಲೂ ಕೇಳಿ ಬಹಳ ದಿನ ಆಗಿತ್ತು. ಶುಗರ್ ಬಾರ್ಡರ್‌ನಲ್ಲಿದೆ ಅಂತ ಗೊತ್ತಾದ ದಿನದಿಂದ ಇವತ್ತಿನವರೆಗೆ ಹನ್ನೊಂದು ತಿಂಗಳು. ಅದರಲ್ಲಿ ಮೊದಲ ಎರಡು ತಿಂಗಳನ್ನು ನಾನೇ ಹಾಳು ಮಾಡಿಕೊಂಡೆ. ನಿಮ್ಮ ಕೈಗೂ ಇಂಥ ರಿಪೋರ್ಟ್ ಬಂದಿದ್ದರೆ ಆ ಎರಡು ತಿಂಗಳಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ದಿನಕ್ಕೆ ಒಂಬತ್ತು ಗಂಟೆ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬರೆಯುವ, ನಲವತ್ತನಾಲ್ಕು ವಯಸ್ಸಿನ ಹೆಂಗಸು.

ಶುರುವಾಗಿದ್ದು ಆಫೀಸಿನಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ತಪಾಸಣೆಯಿಂದ. ಮೊದಲ ದಿನ ಹೋಗಿದ್ದು ದಂಡವಾಯಿತು. ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದರು, ನಾನು ಅರ್ಧ ಲೋಟ ಕಾಫಿ ಕುಡಿದು ಹೋಗಿದ್ದೆ. ಅರ್ಧ ಲೋಟ ತಾನೆ, ಏನಾಗುತ್ತೆ ಅಂತ. ರಕ್ತ ತೆಗೆಯುವ ಹುಡುಗಿ ಸೂಜಿಯನ್ನು ಹಾಗೇ ಪಕ್ಕಕ್ಕಿಟ್ಟು, "ನಾಳೆ ಬನ್ನಿ ಮೇಡಂ" ಅಂದಳು. ಕನಿಷ್ಠ ಎಂಟು ಗಂಟೆ ನೀರು ಬಿಟ್ಟು ಏನೂ ಒಳಗೆ ಹೋಗಬಾರದು. ಹಾಲು, ಸಕ್ಕರೆ ಹಾಕಿದ ಕಾಫಿಯಂತೂ ಊಟದ ಲೆಕ್ಕವೇ.

ರಿಪೋರ್ಟ್ ಬಂದಿದ್ದು ಮಾರನೇ ದಿನ ಸಂಜೆ, ಒಂದು ಮೀಟಿಂಗ್ ಮಧ್ಯೆ. ಮೇಜಿನ ಕೆಳಗೆ ಫೋನ್ ಹಿಡಿದು ಓದಿದೆ. ನಾಲ್ಕು ಅಂಕಿ ದಪ್ಪಕ್ಷರದಲ್ಲಿದ್ದವು. ಫಾಸ್ಟಿಂಗ್ ಶುಗರ್ 113. ಎಚ್‌ಬಿಎ1ಸಿ 6.3. ಹಿಮೋಗ್ಲೋಬಿನ್ 10.1. ಬಿಪಿ 148/92. ಆ ಮೀಟಿಂಗಿನಲ್ಲಿ ಏನು ತೀರ್ಮಾನವಾಯಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಚ್‌ಬಿಎ1ಸಿ ಅಂದರೆ ಜನ 'ಮೂರು ತಿಂಗಳ ಶುಗರ್' ಅನ್ನುತ್ತಾರಲ್ಲ, ಅದು. 5.7ಕ್ಕಿಂತ ಕಡಿಮೆ ಇದ್ದರೆ ಸರಿ. 5.7ರಿಂದ 6.4ರವರೆಗೆ ಬಾರ್ಡರ್. 6.5 ಮತ್ತು ಅದಕ್ಕಿಂತ ಜಾಸ್ತಿ ಬಂದು, ಇನ್ನೊಂದು ಪರೀಕ್ಷೆಯಲ್ಲೂ ಖಚಿತವಾದರೆ ಸಕ್ಕರೆ ಕಾಯಿಲೆ. ಫಾಸ್ಟಿಂಗ್ ಲೆಕ್ಕದಲ್ಲಿ 100ರಿಂದ 125 ಬಾರ್ಡರ್. ಅಂದರೆ ಎರಡರಲ್ಲೂ ನಾನು ಬೇಲಿಯ ಮೇಲೆ ಕೂತಿದ್ದೆ.

ಡಾಕ್ಟರ ಹತ್ತಿರ ಎರಡು ಗಂಟೆ ಇಪ್ಪತ್ತು ನಿಮಿಷ ಕಾದೆ. ಒಳಗಿದ್ದಿದ್ದು ಏಳು ನಿಮಿಷ. ಕಾಯುವಾಗ ತಲೆಯಲ್ಲಿ ಇಪ್ಪತ್ತು ಪ್ರಶ್ನೆ ಇದ್ದವು, ಒಳಗೆ ಹೋದ ಮೇಲೆ ಒಂದೂ ನೆನಪಾಗಲಿಲ್ಲ. ಮುಂದಿನ ಸಲದಿಂದ ಚೀಟಿಯಲ್ಲಿ ಬರೆದುಕೊಂಡು ಹೋದೆ. ನೀವು ಮೊದಲ ಸಲವೇ ಬರೆದುಕೊಂಡು ಹೋಗಿ. ಹಳೆಯ ರಿಪೋರ್ಟ್ ಇದ್ದರೆ ಅದೂ ಜೊತೆಗಿರಲಿ. "ಹೋದ ವರ್ಷ ಎಷ್ಟಿತ್ತು?" ಅಂತ ಅವರು ಕೇಳಿದಾಗ ನಾನು ಬೆಬ್ಬೆಬ್ಬೆ ಅಂದೆ.

ವಿಚಿತ್ರ ಅಂದರೆ, ಅವರು ಶುಗರ್ ಸುದ್ದಿಯನ್ನೇ ಮೊದಲು ಎತ್ತಲಿಲ್ಲ. ಹಿಮೋಗ್ಲೋಬಿನ್ ಮೇಲೆ ಪೆನ್ನಿನಿಂದ ಸುತ್ತು ಹಾಕಿ, "ಮುಟ್ಟಿನ ಸಮಯದಲ್ಲಿ ರಕ್ತ ಜಾಸ್ತಿ ಹೋಗುತ್ತಾ?" ಅಂತ ಕೇಳಿದರು. ಹೋಗುತ್ತಿತ್ತು. ಎರಡು ವರ್ಷದಿಂದ. ವಯಸ್ಸಿಗೆ ಹಾಗೇ ಅಂದುಕೊಂಡು ನಾನು ಸುಮ್ನೆ ಇದ್ದೆ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತಹೀನತೆ ಬಂದಿದ್ದರೆ ಎಚ್‌ಬಿಎ1ಸಿ ಇರೋದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದಂತೆ. "ಈ 6.3 ಅನ್ನು ಪೂರ್ತಿ ನಂಬಬೇಡಿ. ಹಾಗಂತ ಸುಮ್ನೆ ಕೂರೋ ಹಾಗೂ ಇಲ್ಲ, ಫಾಸ್ಟಿಂಗ್ ಕೂಡ ಜಾಸ್ತಿ ಇದೆ" ಅಂದರು. ಸ್ಕ್ಯಾನಿಂಗ್‌ಗೆ ಬರೆದರು, ಕಬ್ಬಿಣದ ಮಾತ್ರೆ ಕೊಟ್ಟರು. ಶುಗರ್‌ಗೆ ಮಾತ್ರೆ ಇಲ್ಲ. ನಡೆಯಿರಿ, ತೂಕ ಇಳಿಸಿ, ಮೂರು ನಾಲ್ಕು ತಿಂಗಳು ಬಿಟ್ಟು ಬನ್ನಿ. ನಾನಾಗ 72 ಕಿಲೋ ಇದ್ದೆ. ಐದು ಕಿಲೋ ಇಳಿದರೆ ಸಾಕು ಅಂದರು.

ಬಿಪಿಗೂ ಮಾತ್ರೆ ಬರೆಯಲಿಲ್ಲ. ಒಂದು ವಾರ ಮನೆಯಲ್ಲೇ ನೋಡಿ ಬರೆದು ತನ್ನಿ ಅಂದರು. ಇದರಲ್ಲಿ ನಾನು ಕಲಿತಿದ್ದು ಬಹಳ. ತಪಾಸಣೆಯ ದಿನ ಲಿಫ್ಟಿಗೆ ಸಾಲು ಉದ್ದವಿದೆ ಅಂತ ಮೂರು ಮಹಡಿ ಹತ್ತಿದ್ದೆ. ತೋಳಿಗೆ ಪಟ್ಟಿ ಸುತ್ತುವಾಗ ಒಂದು ಕೈಯಲ್ಲಿ ಫೋನ್ ಹಿಡಿದು ಮಾತಾಡುತ್ತಿದ್ದೆ. ಮೇಲಿಂದ ಬಾತ್‌ರೂಮಿಗೆ ಬೇರೆ ಅರ್ಜೆಂಟಾಗಿತ್ತು. ಈ ಎಲ್ಲವೂ ಬಿಪಿಯನ್ನು ಏರಿಸುತ್ತವೆ. ಸರಿಯಾದ ಕ್ರಮ ಹೀಗೆ: ಅರ್ಧ ಗಂಟೆ ಮೊದಲಿಂದ ಕಾಫಿ, ವ್ಯಾಯಾಮ ಎರಡೂ ಬೇಡ. ಬಾತ್‌ರೂಮಿಗೆ ಹೋಗಿ ಬಂದು, ಕುರ್ಚಿಗೆ ಬೆನ್ನು ಆನಿಸಿ, ಕಾಲು ಮೇಲೆ ಕಾಲು ಹಾಕದೆ, ಪಾದ ನೆಲಕ್ಕೆ ಊರಿ ಐದು ನಿಮಿಷ ಕೂರಬೇಕು. ತೋಳು ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಮಾತು ಬೇಡ. ಒಂದು ನಿಮಿಷ ಬಿಟ್ಟು ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ. ಮೊದಲ ದಿನದ್ದನ್ನು ಕೈಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ನನ್ನದು 128/82 ಬಂತು. ಮನೆಯಲ್ಲಿ ನೋಡಿದಾಗ 135/85ರ ಒಳಗಿರಬೇಕಂತೆ. ಒಂದು ಗಂಡಾಂತರ ಹಾಗೆ ತಪ್ಪಿತು.

ಇನ್ನು ನನ್ನ ಹುಚ್ಚಿನ ಕಥೆ.

ಮನೆಗೆ ಬಂದವಳೇ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆ. ಅನ್ನ ಬಂದ್. ರಾತ್ರಿ ಊಟವೇ ಬಂದ್. ಒಂದು ವರ್ಷದ ಜಿಮ್ ಫೀಸು ಒಟ್ಟಿಗೆ ಕಟ್ಟಿದೆ, ರಿಯಾಯಿತಿ ಇದೆ ಅಂತ. ಯಾರೋ ಹೇಳಿದ ಪ್ರೋಟೀನ್ ಪುಡಿ ತಂದೆ. ಮಾರನೇ ದಿನದಿಂದಲೇ ಹತ್ತು ಸಾವಿರ ಹೆಜ್ಜೆ. ಅಲ್ಲಿವರೆಗೆ ನಾನು ದಿನಕ್ಕೆ ನಡೆಯುತ್ತಿದ್ದದ್ದು ಎರಡೂವರೆ ಸಾವಿರ. ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಆಮೇಲೆ ಓದಿ ನಗು ಬಂತು. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ತಂದು 'ಮಾನ್‌ಪೊ-ಕೆಯ್' ಅಂತ ಹೆಸರಿಟ್ಟಿತು. ಹಾಗಂದರೆ 'ಹತ್ತು ಸಾವಿರ ಹೆಜ್ಜೆ ಮಾಪಕ'. ಅದು ಡಾಕ್ಟರ ಚೀಟಿಯಿಂದ ಬಂದ ಸಂಖ್ಯೆ ಅಲ್ಲ, ಜಾಹೀರಾತಿನಿಂದ ಬಂದದ್ದು.

ಹತ್ತು ದಿನಕ್ಕೆ ಎರಡೂವರೆ ಕಿಲೋ ಇಳಿದೆ. ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ಆದರೆ ಹಾಗೆ ಮೊದಲು ಇಳಿಯುವುದರಲ್ಲಿ ಹೆಚ್ಚಿನದು ನೀರು. ಮೈ ಕೂಡಿಟ್ಟುಕೊಂಡ ಸಕ್ಕರೆಯ ಒಂದೊಂದು ಗ್ರಾಂ ಜೊತೆಗೂ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಊಟ ಬಿಟ್ಟರೆ ಎರಡೂ ಹೋಗುತ್ತವೆ, ಊಟ ಮಾಡಿದರೆ ಎರಡೂ ವಾಪಸ್ ಬರುತ್ತವೆ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಇಳಿದು ಬಲಗಾಲು ಊರಿದೆ. ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಗೋಡೆ ಹಿಡಿದು ಹತ್ತು ಹೆಜ್ಜೆ ಹಾಕಿದ ಮೇಲೆ ಕಡಿಮೆಯಾಯಿತು. ಮಾರನೇ ಬೆಳಿಗ್ಗೆ ಮತ್ತೆ ಅದೇ. ಫಿಸಿಯೋ ಹತ್ತಿರ ಹೋದರೆ, ಪಾದದ ಅಡಿಯ ದಪ್ಪ ಪಟ್ಟಿಗೆ ಪೆಟ್ಟಾಗಿದೆ, ಪ್ಲಾಂಟರ್ ಫ್ಯಾಸಿಯೈಟಿಸ್ ಅಂದರು. ಅಭ್ಯಾಸವಿಲ್ಲದ ಕಾಲಿಗೆ ಒಮ್ಮೆಲೇ ಭಾರ ಹಾಕಿದ್ದು, ಮೇಲಿಂದ ಅಟ್ಟೆ ಸವೆದ ಚಪ್ಪಲಿ. ಮೀನಖಂಡ ಎಳೆಯುವ ವ್ಯಾಯಾಮ ಹೇಳಿಕೊಟ್ಟರು. ನೀರಿನ ಬಾಟಲಿಯನ್ನು ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಪಾದದ ಕೆಳಗೆ ಹಾಕಿ ಉರುಳಿಸಿ ಅಂದರು. ನೋವು ಪೂರ್ತಿ ಹೋಗಲು ನಾಲ್ಕು ತಿಂಗಳು ಹಿಡಿಯಿತು. ಜಿಮ್‌ಗೆ ಹೋಗಿದ್ದು ಒಟ್ಟು ಹನ್ನೊಂದು ದಿನ. ಫೀಸು ವಾಪಸ್ ಇಲ್ಲ ಅಂತ ರಸೀದಿಯ ಹಿಂದೆ ಸಣ್ಣಕ್ಷರದಲ್ಲಿ ಇತ್ತು.

ನಡಿಗೆ ನಿಂತ ಕೂಡಲೇ ಊಟದ ಕಟ್ಟುಪಾಡೂ ಕುಸಿಯಿತು. ಒಂದು ರಾತ್ರಿ ಹನ್ನೊಂದೂವರೆಗೆ ಅಡುಗೆಮನೆಯಲ್ಲಿ ಕತ್ತಲಲ್ಲೇ ನಿಂತು ಬಿಸ್ಕತ್ತು ತಿನ್ನುತ್ತಿದ್ದೆ. ಪೊಟ್ಟಣ ಚರಚರ ಅನ್ನದಿರಲಿ ಅಂತ ಒಂದು ಕೈಯಿಂದ ಅದರ ಬಾಯಿ ಅಮುಕಿ ಹಿಡಿದಿದ್ದೆ. ನೀರು ಕುಡಿಯಲು ಬಂದ ಮಗಳು ಒಂದು ಗಳಿಗೆ ನಿಂತಳು. ಆಮೇಲೆ, "ಅಮ್ಮ, ಲೈಟ್ ಹಾಕ್ಕೊಂಡೇ ತಿನ್ನಮ್ಮ" ಅಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ, ಬೈಗುಳವೂ ಇರಲಿಲ್ಲ. ನಾನು ಲೈಟ್ ಹಾಕಿ, ತಟ್ಟೆಯಲ್ಲಿ ಇನ್ನೆರಡು ಬಿಸ್ಕತ್ತು ಇಟ್ಟುಕೊಂಡು, ಕೂತು ತಿಂದೆ. ಉಳಿದದ್ದನ್ನು ಡಬ್ಬಿಗೆ ಹಾಕಿದೆ. ಕತ್ತಲಲ್ಲಿ ಆಗಿದ್ದರೆ ಪೊಟ್ಟಣ ಮುಗಿಯುತ್ತಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಇದರ ಮಧ್ಯೆ ಭಯಕ್ಕೆ ಬಿದ್ದು ಐದನೇ ವಾರಕ್ಕೇ ಇನ್ನೊಂದು ಎಚ್‌ಬಿಎ1ಸಿ ಮಾಡಿಸಿದೆ, ಸ್ವಂತ ಖರ್ಚಿನಲ್ಲಿ, ಬೇರೆ ಲ್ಯಾಬಿನಲ್ಲಿ. 6.4 ಬಂತು. ಒಂದು ವಾರ ನಿದ್ದೆ ಇಲ್ಲ. ಡಾಕ್ಟರಿಗೆ ತೋರಿಸಿದರೆ ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ರಕ್ತದ ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಅದು ಇರುವಷ್ಟು ದಿನ ಸಕ್ಕರೆ ಅದಕ್ಕೆ ಅಂಟುತ್ತಾ ಹೋಗುತ್ತದೆ. ಹಳೆಯ ಕಣಗಳು ಹೋಗಿ ಹೊಸವು ಬರುವ ತನಕ ನೀವು ತಲೆಕೆಳಗಾಗಿ ನಿಂತರೂ ಅಂಕಿ ಪೂರ್ತಿ ಬದಲಾಗಲ್ಲ. ಲ್ಯಾಬಿನಿಂದ ಲ್ಯಾಬಿಗೆ ಅಷ್ಟಿಷ್ಟು ವ್ಯತ್ಯಾಸ ಬೇರೆ. ಹಾಗಾಗಿ ಒಂದೇ ಲ್ಯಾಬು, ಡಾಕ್ಟರು ಹೇಳಿದ ಅಂತರ. ಮಧ್ಯೆ ಮಧ್ಯೆ ಕದ್ದು ನೋಡಲು ಹೋಗಬೇಡಿ, ದುಡ್ಡೂ ದಂಡ, ನೆಮ್ಮದಿಯೂ ದಂಡ.

ಮೂರನೇ ತಿಂಗಳು ಮತ್ತೆ ಮೊದಲಿಂದ ಶುರು. ಈ ಸಲ ಎರಡೇ ಕೆಲಸ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ನಡಿಗೆ. ತಟ್ಟೆಯಲ್ಲಿ ಅರ್ಧ ತರಕಾರಿ, ಅದನ್ನೇ ಮೊದಲು ತಿನ್ನುವುದು. ಬೇರೆ ಯಾವ ಅಭ್ಯಾಸವನ್ನೂ ಬದಲಿಸಲು ಹೋಗಲಿಲ್ಲ. ಹಳೆಯ ನೋಟ್‌ಬುಕ್ಕಿನಲ್ಲಿ ದಿನಕ್ಕೊಂದು ಗೆರೆ ಎಳೆದು ಎರಡು ಟಿಕ್ ಹಾಕುತ್ತಿದ್ದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ಒಂದು ಹೊಸ ಅಭ್ಯಾಸ ಮೈಗೂಡಲು ಎಷ್ಟು ದಿನ ಬೇಕು ಅಂತ ನೋಡಿದ್ದರು. ಕೆಲವರಿಗೆ 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅನ್ನೋ ಲೆಕ್ಕ ಬಂತು. ನಡುವಿನ ಅಂಕಿ 66. ಮಧ್ಯೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಆಗಲ್ಲ ಅನ್ನೋದೂ ಅದರಲ್ಲಿ ಕಂಡಿತ್ತು. ನನಗೆ ಇದನ್ನು ಓದಿ ಆದ ಸಮಾಧಾನ ಅಷ್ಟಿಷ್ಟಲ್ಲ. ಹಿಂದೆ ಒಂದು ದಿನ ತಪ್ಪಿದರೆ 'ಹೋಯ್ತು, ಎಲ್ಲಾ ಹಾಳಾಯ್ತು' ಅಂತ ವಾರವಿಡೀ ಬಿಡುತ್ತಿದ್ದೆ. ಈಗ ನಾನೇ ಒಂದು ನಿಯಮ ಮಾಡಿಕೊಂಡೆ: ಒಂದು ದಿನ ತಪ್ಪಬಹುದು, ಸತತ ಎರಡು ದಿನ ತಪ್ಪಬಾರದು. ಮಳೆ ಬಂದ ದಿನ ಮನೆಯೊಳಗೇ ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಜಾರಕ್ಕೆ ತಿರುಗಿದೆ.

ಊಟದ ನಂತರವೇ ಯಾಕೆ ಅಂದರೆ, ಆಗ ರಕ್ತದಲ್ಲಿ ಸಕ್ಕರೆ ಏರುತ್ತಿರುತ್ತದೆ. ಕಾಲಿನ ದೊಡ್ಡ ಸ್ನಾಯುಗಳು ಕೆಲಸ ಮಾಡಿದರೆ ಅದನ್ನು ಅಲ್ಲೇ ಎಳೆದುಕೊಳ್ಳುತ್ತವೆ. ಹತ್ತು ನಿಮಿಷವನ್ನು ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಹೋದೆ. ಹಿಮ್ಮಡಿ ಕುಟುಕಿದ ವಾರ ಏರಿಸಲಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅದನ್ನು ಒಂದೇ ಸಲ ಮುಗಿಸಬೇಕಿಲ್ಲ, ಚೂರು ಚೂರಾಗಿ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ವೇಗ ಎಷ್ಟಿರಬೇಕು ಅಂದರೆ, ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು. ಇದಕ್ಕೆ ವಾಚೂ ಬೇಡ, ಆ್ಯಪೂ ಬೇಡ.

ಆಫೀಸಿನಲ್ಲಿ ಕೂರುವುದರ ಬಗ್ಗೆಯೂ ಒಂದು ಹಳೆಯ ಕಥೆ ಸಿಕ್ಕಿತು. 1953ರಲ್ಲಿ ಜೆರ್ರಿ ಮಾರಿಸ್ ಅನ್ನುವ ವೈದ್ಯರು ಲಂಡನ್ನಿನ ಎರಡು ಮಹಡಿಯ ಬಸ್ಸುಗಳ ಡ್ರೈವರ್‌ಗಳನ್ನೂ ಕಂಡಕ್ಟರ್‌ಗಳನ್ನೂ ಹೋಲಿಸಿದ್ದರು. ಬಸ್ಸು ಒಂದೇ, ಕಂಪನಿ ಒಂದೇ. ಆದರೆ ದಿನವಿಡೀ ಕೂತೇ ಇರುವ ಡ್ರೈವರ್‌ಗಳಿಗೆ ಹೃದಯದ ಕಾಯಿಲೆ ಜಾಸ್ತಿ, ಮೇಲೆ ಕೆಳಗೆ ಓಡಾಡುವ ಕಂಡಕ್ಟರ್‌ಗಳಿಗೆ ಕಡಿಮೆ. ಅವತ್ತಿನಿಂದ ಸಣ್ಣ ಲೋಟದಲ್ಲೇ ನೀರು ಕುಡಿಯುತ್ತೇನೆ. ಖಾಲಿಯಾದಾಗಲೆಲ್ಲಾ ಏಳಲೇಬೇಕು, ಅಲ್ವಾ.

ಮೈಗೆ ಶಕ್ತಿ ಬರುವ ವ್ಯಾಯಾಮ ವಾರಕ್ಕೆ ಎರಡು ದಿನವಾದರೂ ಬೇಕು. ನನ್ನ ಸಾಧನ ಊಟದ ಮೇಜಿನ ಕುರ್ಚಿ. ಕೈ ಊರದೆ ಅದರಿಂದ ಎದ್ದು, ಮತ್ತೆ ನಿಧಾನಕ್ಕೆ ಕೂರುವುದು. ಮೊದಲ ದಿನ ಆರು ಸಲಕ್ಕೆ ತೊಡೆ ನಡುಗಿತು. ಈಗ ಹದಿನೈದರಂತೆ ಮೂರು ಸುತ್ತು. ಗೋಡೆಗೆ ಕೈ ಕೊಟ್ಟು ತಳ್ಳುವುದು ಇನ್ನೊಂದು. ಅಷ್ಟೇ ನನ್ನ ಜಿಮ್.

ಊಟದಲ್ಲಿ ಈ ಸಲ ಯಾವುದನ್ನೂ ನಿಷೇಧಿಸಲಿಲ್ಲ. ತರಕಾರಿ ಮತ್ತು ಕಾಳು ಮೊದಲು, ಅನ್ನ ಆಮೇಲೆ. ಆ ಹೊತ್ತಿಗೆ ಅರ್ಧ ಹೊಟ್ಟೆ ತುಂಬಿರುತ್ತದೆ. ಹಣ್ಣನ್ನು ಜ್ಯೂಸ್ ಮಾಡದೆ ಹಾಗೇ ತಿನ್ನುವುದು. ಕಾಫಿಗೆ ಎರಡು ಚಮಚ ಸಕ್ಕರೆ ಇದ್ದದ್ದು ಒಂದೂವರೆ, ಒಂದು, ಅರ್ಧ ಅಂತ ಎರಡು ತಿಂಗಳಲ್ಲಿ ಇಳಿಯಿತು. ನಾಲಿಗೆಗೆ ಗೊತ್ತೇ ಆಗಲಿಲ್ಲ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಮೇಲಿಂದ ಹಾಕುವ ಸಕ್ಕರೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು. ಒಂದು ಕ್ಯಾನ್ ತಂಪು ಪಾನೀಯದಲ್ಲೇ ಸುಮಾರು 35 ಗ್ರಾಂ ಇರುತ್ತದೆ. ಅದನ್ನು ಮಾತ್ರ ಪೂರ್ತಿ ಬಿಟ್ಟೆ.

ಕಬ್ಬಿಣದ ಮಾತ್ರೆ ತಗೊಳ್ಳುವವರಿಗೆ ಎರಡು ಮಾತು. ಕಾಫಿ, ಟೀ ಜೊತೆಗೆ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ಒಂದೆರಡು ಗಂಟೆ ಅಂತರ ಇರಲಿ. ಇನ್ನೊಂದು, ಮಲ ಕಪ್ಪಗಾಗುತ್ತದೆ. ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಏನೋ ದೊಡ್ಡ ಕಾಯಿಲೆಯೇ ಬಂತು ಅಂತ ಒಂದು ರಾತ್ರಿ ಪೂರ್ತಿ ಕೂತಿದ್ದೆ. ಮಾತ್ರೆ ತಗೊಳ್ಳದೆಯೂ ಹಾಗಾದರೆ ಮಾತ್ರ ತಕ್ಷಣ ಡಾಕ್ಟರಿಗೆ ತೋರಿಸಿ.

ಕಷ್ಟವಾಗಿದ್ದು ಹಸಿವಲ್ಲ, ಜನ. ಆಫೀಸಿನಲ್ಲಿ ಇಪ್ಪತ್ತೆಂಟು ಮಂದಿ, ಅಂದರೆ ವರ್ಷಕ್ಕೆ ಇಪ್ಪತ್ತೆಂಟು ಕೇಕು. ಬೇಡ ಅಂದರೆ "ಒಂದೇ ಒಂದು ತುಂಡು, ಏನೂ ಆಗಲ್ಲ" ಅಂತಾರೆ. ನನಗೆ ಶುಗರ್ ಅಂದರೆ ಮನೆಮದ್ದಿನ ಪಟ್ಟಿ ಶುರುವಾಗುತ್ತದೆ. ಕೊನೆಗೆ ನಾನು ಕಂಡುಕೊಂಡ ಉಪಾಯ, ತುಂಡು ತಗೊಂಡು "ಊಟ ಆದ ಮೇಲೆ ತಿಂತೀನಿ" ಅನ್ನೋದು. ಯಾರೂ ಮತ್ತೆ ಕೇಳುವುದಿಲ್ಲ. ಕೆಲವು ಸಲ ನಿಜವಾಗಿಯೂ ಊಟ ಆದ ಮೇಲೆ ತಿಂದೆ, ಸಂತೋಷವಾಗಿ.

ನಿದ್ದೆಯದ್ದು ಸಣ್ಣ ವಿಷಯ ಅಂದುಕೊಂಡಿದ್ದೆ. ಫೋನನ್ನು ರಾತ್ರಿ ಹಜಾರದಲ್ಲೇ ಬಿಟ್ಟು ಮಲಗಲು ಶುರುಮಾಡಿದ ಮೇಲೆ ಐದೂವರೆ ಗಂಟೆಯ ನಿದ್ದೆ ಏಳಾಯಿತು. ಸಂಜೆ ನಾಲ್ಕಕ್ಕೆ ಸಿಹಿ ಬೇಕೆನಿಸುವ ಚಟ ಅರ್ಧಕ್ಕರ್ಧ ತಾನಾಗೇ ಹೋಯಿತು. ತೂಕವನ್ನು ದಿನಕ್ಕೆ ಮೂರು ಸಲ ನೋಡುತ್ತಿದ್ದವಳು ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ ಮಾತ್ರ ನೋಡತೊಡಗಿದೆ.

ನಾಲ್ಕನೇ ತಿಂಗಳ ರಿಪೋರ್ಟ್: 6.2. ಅಷ್ಟೆಲ್ಲಾ ಮಾಡಿ 0.1! ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ, ಸುಳ್ಳು ಯಾಕೆ ಹೇಳಲಿ. ಡಾಕ್ಟರು ಬೇರೆ ಅಂಕಿಗಳನ್ನು ತೋರಿಸಿದರು. ಫಾಸ್ಟಿಂಗ್ 106ಕ್ಕೆ ಇಳಿದಿತ್ತು, ಹಿಮೋಗ್ಲೋಬಿನ್ 11.6ಕ್ಕೆ ಏರಿತ್ತು. "ನೀವು ಸರಿಯಾಗಿ ಮಾಡೋಕೆ ಶುರುಮಾಡಿ ಇನ್ನೂ ಎರಡು ತಿಂಗಳಾಗಿಲ್ಲ. ಕಣಗಳು ನಿಮಗಾಗಿ ಬೇಗ ಸಾಯ್ತವಾ?" ಅಂದರು. ಅಮೆರಿಕದ ಒಂದು ದೊಡ್ಡ ಅಧ್ಯಯನದ ಬಗ್ಗೆಯೂ ಹೇಳಿದರು, 2002ರಲ್ಲಿ ಪ್ರಕಟವಾದದ್ದು. ಬಾರ್ಡರ್‌ನಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನ. ತೂಕದಲ್ಲಿ ಶೇ. 7 ಇಳಿಸುವುದು, ವಾರಕ್ಕೆ 150 ನಿಮಿಷದ ಚಟುವಟಿಕೆ, ಇಷ್ಟೇ ಗುರಿ ಇಟ್ಟುಕೊಂಡ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಗುಂಪಿನಲ್ಲಿ ಶೇ. 31. ನನಗೆ ಐದು ಕಿಲೋ ಅಂದಿದ್ದು ಯಾಕೆ ಅಂತ ಆಗ ಅರ್ಥವಾಯಿತು, 72ರಲ್ಲಿ ಶೇ. 7 ಅಷ್ಟೇ ಆಗುತ್ತದೆ.

ಏಳನೇ ತಿಂಗಳು 5.9. ಹನ್ನೊಂದನೇ ತಿಂಗಳು, ಅಂದರೆ ಕಳೆದ ವಾರ, 5.6. ಫಾಸ್ಟಿಂಗ್ 96, ಹಿಮೋಗ್ಲೋಬಿನ್ 12.8, ತೂಕ 66.8. ಇದರಲ್ಲಿ ನಡಿಗೆಯ ಪಾಲೆಷ್ಟು, ಕಬ್ಬಿಣದ ಮಾತ್ರೆಯ ಪಾಲೆಷ್ಟು ಅಂತ ಕೇಳಿದೆ. ಎಚ್‌ಬಿಎ1ಸಿಯಲ್ಲಿ ಅದನ್ನು ಬಿಡಿಸಿ ಹೇಳೋಕಾಗಲ್ಲ, ಆದರೆ ಫಾಸ್ಟಿಂಗ್ ಇಳಿದದ್ದು ಮಾತ್ರೆಯಿಂದಲ್ಲ, ಅದು ನಿಮ್ಮದೇ ಅಂದರು. ಆ 'ನಿಮ್ಮದೇ' ಅನ್ನುವ ಮಾತನ್ನು ಮನೆಯವರಿಗೆಲ್ಲಾ ಎರಡೆರಡು ಸಲ ಹೇಳಿದ್ದೇನೆ.

ಖರ್ಚಿನ ಲೆಕ್ಕ ಹಾಕಿದರೆ ಜಾಸ್ತಿ ಹೋಗಿದ್ದು ಜಿಮ್ಮಿಗೆ, ಆಮೇಲೆ ಪುಡಿ ಡಬ್ಬಿಗೆ. ಅದರಲ್ಲಿ ಮುಕ್ಕಾಲು ಡಬ್ಬಿ ಇನ್ನೂ ಹಾಗೇ ಇದೆ. ಉಪಯೋಗಕ್ಕೆ ಬಂದದ್ದು ಒಳ್ಳೆಯ ಶೂ, ಬಿಪಿ ಯಂತ್ರ, ಪರೀಕ್ಷೆಗಳು. ಈಗ ಮತ್ತೆ ಶುರುಮಾಡಬೇಕಾಗಿ ಬಂದರೆ ಮೊದಲು ಶೂ ಕೊಳ್ಳುತ್ತೇನೆ. ಇನ್ನೊಂದು ವಿಷಯ, ಕೆಲವು ಕಡೆ ಬಿಪಿ, ತೂಕದ ಚೀಟಿಯನ್ನು ಬಿಲ್ ಕಾಗದದಂಥ ನುಣುಪು ಕಾಗದದಲ್ಲಿ ಕೊಡುತ್ತಾರೆ. ಆರು ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತದೆ. ಕೈಗೆ ಬಂದ ದಿನವೇ ಫೋಟೋ ತೆಗೆದಿಡಿ.

ಮುಂದಿನ ಪರೀಕ್ಷೆಯ ತಿಂಗಳನ್ನು ಫೈಲಿನ ಮೇಲೆ ದಪ್ಪಗೆ ಬರೆದಿದ್ದೇನೆ. ಅದರ ಕೆಳಗೆ ಮಗಳು ತನ್ನ ಕೈಯಾರೆ ಒಂದು ಸಾಲು ಸೇರಿಸಿದ್ದಾಳೆ: "ಕಾಫಿ ಕುಡಿದು ಹೋಗಬಾರದು, ಅರ್ಧ ಲೋಟವೂ."